ಮುಂದಿನ ಟೈರ್ ಯಾಕೆ ಸಪೂರ? ಬ್ರೇಕ್ ಇಲ್ಲದ ಚಕ್ರದ ಕಥೆ

ಇವತ್ತಿನ ಮಾತು ಟೈರ್ ಬಗ್ಗೆ. ಟೈರಿಗೂ ಒಂದು ಇತಿಹಾಸ ಇದೆಯಾ ಅಂತ ನಗಬೇಡಿ. ಇದೆ, ಮತ್ತು ಅದನ್ನ ತಿಳಿಯದೆ ಹೋದ್ರೆ ಜೀವಕ್ಕೇ ಸಂಚಕಾರ.

ಡ್ರ್ಯಾಗ್ ರೇಸ್ ಕಾರಿನ ಚಿತ್ರ ನೋಡಿರ್ತೀರಿ. ಹಿಂದೆ ರೋಡ್ ರೋಲರ್ ಥರ ಅಗಲವಾದ ಟೈರ್, ಮುಂದೆ ಸೈಕಲ್ಲಿನ ಹಾಗೆ ಸಪೂರ ಟೈರ್. ವಿಶಾಖಪಟ್ಟಣದಲ್ಲಿ ಕೆಲಸ ಮಾಡೋ ನನ್ನ ಗೆಳೆಯನೊಬ್ಬನ ಹತ್ರ ಸ್ಪೋರ್ಟ್ಸ್ ಕಾರ್ ಇದೆ. "ಮುಂದೆ ಅಂಥ ಟೈರ್ ಹಾಕಿಸಿದ್ರೆ ತೂಕ ಇಳಿದು ಪಿಕಪ್ ಜಾಸ್ತಿ ಆಗುತ್ತಂತೆ, ಹಾಕಿಸ್ಲಾ?" ಅಂತ ಕೇಳಿದ. ಅದೇ ಕಾರಲ್ಲಿ ಹೆಂಡತಿಯನ್ನ ಕೂರಿಸಿಕೊಂಡು ಅವನು ವಿಜಯವಾಡಕ್ಕೆ ಹೋಗಿಬರ್ತಾನೆ. ಸುಮಾರು 350 ಕಿ.ಮೀ., ರಾಷ್ಟ್ರೀಯ ಹೆದ್ದಾರಿ 16. ಅವನಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಹೇಳ್ತೀನಿ.

ಕಥೆ ಶುರುವಾಗೋದು 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಿಂದ. ಅಮೆರಿಕದಲ್ಲಿ ಬಹುಕಾಲ ಮಾರಾಟವಾದ ಮಾಡೆಲ್ ಟಿಗಳ ಮುಂದಿನ ಟೈರ್ 3 ಇಂಚು ಅಗಲ, ಹಿಂದಿನದು ಮೂರೂವರೆ ಇಂಚು. ಯಾಕೆ ಈ ವ್ಯತ್ಯಾಸ? ಎಂಜಿನ್ನಿನ ಬಲ ಹೋಗ್ತಿದ್ದದ್ದು ಹಿಂದಿನ ಚಕ್ರಕ್ಕೆ. ಪೆಡಲ್ ಒತ್ತಿದ್ರೆ ಗೇರ್‌ಬಾಕ್ಸ್ ಒಳಗಿನ ಬ್ರೇಕ್ ಹಿಡಿದು ನಿಲ್ಲಿಸ್ತಿದ್ದದ್ದೂ ಹಿಂದಿನ ಚಕ್ರವನ್ನೇ. ಮುಂದಿನ ಚಕ್ರಗಳಿಗೆ ಬ್ರೇಕೇ ಇರಲಿಲ್ಲ. ತಿರುಗೋದು, ಗಾಡಿಯ ಮುಂಭಾಗ ಹೊರೋದು, ಅಷ್ಟೇ ಅವುಗಳ ಕೆಲಸ.

1921ರ ಡ್ಯೂಸೆನ್‌ಬರ್ಗ್ ಕಾರಿನಲ್ಲಿ ನಾಲ್ಕೂ ಚಕ್ರಕ್ಕೆ ಹೈಡ್ರಾಲಿಕ್ ಬ್ರೇಕ್ ಬಂತು. 1927ರ ಕೊನೆಯಲ್ಲಿ ಫೋರ್ಡ್ ತನ್ನ ಮಾಡೆಲ್ ಎ ತಂದಾಗ ಅದರಲ್ಲೂ ನಾಲ್ಕು ಚಕ್ರಕ್ಕೆ ಬ್ರೇಕ್. ಟೈರ್ ಅಳತೆ ನೋಡಿ: ನಾಲ್ಕೂ ಒಂದೇ! ಮುಂದೆ ಬ್ರೇಕ್ ಬಂತು, ಸಪೂರ ಟೈರ್ ಹೋಯ್ತು.

ಹೋದದ್ದು ಮತ್ತೆ ಬಂದದ್ದು ಎಲ್ಲಿ? ಎರಡನೇ ಮಹಾಯುದ್ಧ ಮುಗಿದ ಮೇಲೆ ಕ್ಯಾಲಿಫೋರ್ನಿಯಾದಲ್ಲಿ. ಹಳೇ ಫೋರ್ಡ್‌ಗಳನ್ನ ಬಿಚ್ಚಿ ಕಟ್ಟೋ ಹುಡುಗರು 1949ರಲ್ಲಿ ಗೊಲೀಟಾದಲ್ಲಿ, 1950ರಲ್ಲಿ ಸಾಂಟಾ ಅನಾದ ವಿಮಾನ ನಿಲ್ದಾಣದಲ್ಲಿ ನೇರ ಓಟಕ್ಕೆ ನಿಂತರು. 1951ರಲ್ಲಿ ವಾಲಿ ಪಾರ್ಕ್ಸ್ ಅವರ ಮುಂದಾಳತ್ವದಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಹುಟ್ಟಿತು. ಕಾಲು ಮೈಲಿ, ಅಂದ್ರೆ 402 ಮೀಟರ್. ತಿರುವಿಲ್ಲ, ಎದುರು ಬರೋ ಗಾಡಿ ಇಲ್ಲ. ಆಕ್ಸಿಲರೇಟರ್ ಒತ್ತಿದ ಕೂಡಲೇ ಭಾರವೆಲ್ಲ ಹಿಂದಕ್ಕೆ ಜಾರುತ್ತೆ, ಒಮ್ಮೊಮ್ಮೆ ಮುಂದಿನ ಚಕ್ರ ನೆಲವನ್ನೇ ಬಿಡುತ್ತೆ. ಗಾಳಿಯಲ್ಲಿ ತೇಲೋ ಚಕ್ರಕ್ಕೆ ಅಗಲ ಯಾಕೆ? ಸಪೂರ ಮಾಡಿದ್ರೆ ತೂಕ ಕಡಿಮೆ, ಉರುಳೋಕೆ ತಡೆ ಕಡಿಮೆ, ಗಾಳಿಯ ಅಡ್ಡಿಯೂ ಕಡಿಮೆ.

ಈಗ ಮುಖ್ಯವಾದ ಮಾತು. ಇವತ್ತಿನ ಟಾಪ್ ಫ್ಯೂಯಲ್ ಡ್ರ್ಯಾಗ್‌ಸ್ಟರ್‌ಗೂ ಮುಂದೆ ಬ್ರೇಕ್ ಇಲ್ಲ. ನಿಲ್ಲಿಸೋದು ಹಿಂದಿನ ಬ್ರೇಕ್, ಪ್ಯಾರಾಚೂಟ್, ಮತ್ತೆ ಗೆರೆ ದಾಟಿದ ಮೇಲೂ ಮುಂದುವರಿಯೋ ಖಾಲಿ ಟ್ರ್ಯಾಕ್. ಸಪೂರ ಟೈರ್ ಅನ್ನೋದು ಒಂದು ವ್ಯವಸ್ಥೆಯ ಅರ್ಧ ಭಾಗ. ಉಳಿದರ್ಧ ಈ ಖಾಲಿ ಟ್ರ್ಯಾಕ್. ಟೈರ್ ಅಂಗಡಿಯವನು ಮೊದಲರ್ಧ ಮಾತ್ರ ಮಾರ್ತಾನೆ.

ರಸ್ತೆ ಕಾರಿನ ಲೆಕ್ಕ ಹಾಕೋಣ. ಕಾರಿನ ತೂಕ 1,400 ಕೆ.ಜಿ., ಮುಂದೆ ಹಿಂದೆ ಸಮಪಾಲು, ಅಂದ್ರೆ ತಲಾ 700 ಅಂತ ಇಟ್ಕೊಳ್ಳಿ. ಚಕ್ರಗಳ ನಡುವೆ ಎರಡೂವರೆ ಮೀಟರ್, ಭಾರದ ಕೇಂದ್ರ ಅರ್ಧ ಮೀಟರ್ ಎತ್ತರ. ಜೋರಾಗಿ ಬ್ರೇಕ್ ಒತ್ತಿದ್ರೆ ಮುಂದಿನ ಭಾರ ಸುಮಾರು 920 ಕೆ.ಜಿ.ಗೆ ಏರುತ್ತೆ, ಹಿಂದೆ 480 ಉಳಿಯುತ್ತೆ. ಅಂದ್ರೆ ನಿಲ್ಲಿಸೋ ಕೆಲಸದ ಮೂರನೇ ಎರಡು ಪಾಲು ಮುಂದಿನ ಟೈರಿನದ್ದೇ. ಒಳ್ಳೆ ಟೈರ್ ಇದ್ದ ಕಾರ್ 100 ಕಿ.ಮೀ. ವೇಗದಿಂದ 50 ಮೀಟರ್ ಒಳಗೆ ನಿಲ್ಲಬಲ್ಲದು. ಮುಂದಿನ ಹಿಡಿತ ಕಮ್ಮಿಯಾಗಿ ಬ್ರೇಕಿನ ಬಲ 0.8 ಜಿಯಿಂದ 0.5 ಜಿಗೆ ಇಳಿದ್ರೆ ಬೇಕಾಗೋದು ಸುಮಾರು 79 ಮೀಟರ್. ನಡುವಿನ ಆ 30 ಮೀಟರಲ್ಲಿ ಒಂದು ಆಟೋ, ಎರಡು ಬೈಕ್, ರಸ್ತೆ ದಾಟೋ ಒಬ್ಬ ಅಜ್ಜಿ, ಯಾರು ಬೇಕಾದ್ರೂ ಇರಬಹುದು.

ಸಪೂರ ಟೈರ್ ಮಳೆ ನೀರನ್ನ ಚೆನ್ನಾಗಿ ಸೀಳುತ್ತೆ ಅಂತ ಕೆಲವರು ವಾದಿಸ್ತಾರೆ. ಮಾತು ಸುಳ್ಳಲ್ಲ, ಆದ್ರೆ ಅದು ಆಳವಾದ ಗೆರೆಗಳಿರೋ ಟೈರಿಗೆ. ಡ್ರ್ಯಾಗ್ ಟೈರಲ್ಲಿ ಗೆರೆ ಹೆಸರಿಗೆ ಮಾತ್ರ. ಜೊತೆಗೆ ಮುಂದಿನ ಹಿಂದಿನ ಚಕ್ರದ ಸುತ್ತಳತೆ ಕಂಪನಿ ಕೊಟ್ಟ ಪ್ರಮಾಣಕ್ಕಿಂತ ಬೇರೆಯಾದ್ರೆ, ಚಕ್ರಗಳ ವೇಗ ಹೋಲಿಸಿ ನೋಡೋ ಎಬಿಎಸ್‌ಗೂ ಲೆಕ್ಕ ತಪ್ಪುತ್ತೆ. ವೈಜಾಗ್‌ನ ಸಿಂಹಾಚಲಂ ಘಾಟ್ ರಸ್ತೆ ಇಳಿಯುವಾಗ, ವಿಜಯವಾಡದ ಕನಕದುರ್ಗ ಫ್ಲೈಓವರ್ ತಿರುವಿನಲ್ಲಿ, ಗಾಡಿಯ ಮೂತಿ ತಿರುಗಿಸೋದೂ ಇದೇ ಮುಂದಿನ ಟೈರ್. ಅಲ್ಲಿ ಪ್ಯಾರಾಚೂಟ್ ಬಿಚ್ಚೋಕೆ ಜಾಗ ಇಲ್ಲ.

ನಮ್ಮ ದೇಶದ ರೇಸಿಂಗೂ ವಿಮಾನದ ಪಟ್ಟಿಯ ಮೇಲೇ ಬೆಳೆದದ್ದು. ಮದ್ರಾಸ್ ಹತ್ತಿರದ ಶೋಲಾವರಂನಲ್ಲಿ ಯುದ್ಧಕಾಲದ ಏರ್‌ಸ್ಟ್ರಿಪ್ ಖಾಲಿ ಬಿದ್ದಿತ್ತು. 1953ರಲ್ಲಿ ಶುರುವಾದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಅಲ್ಲಿ ರೇಸ್ ನಡೆಸಿತು. ಆಮೇಲೆ ಅದೇ ಕ್ಲಬ್ ಶ್ರೀಪೆರಂಬದೂರು ಬಳಿ ಟ್ರ್ಯಾಕ್ ಕಟ್ಟಿತು. ಈಗ ಬೈಕ್‌ಗಳ ರಾಷ್ಟ್ರೀಯ ಡ್ರ್ಯಾಗ್ ಚಾಂಪಿಯನ್‌ಶಿಪ್ ನಡೆಯೋದೂ ಅಲ್ಲೇ; ನಮ್ಮ ಬೆಂಗಳೂರಿನ ಹೇಮಂತ್ ಮುದ್ದಪ್ಪ ಅದನ್ನ ಹಲವು ಸಲ ಗೆದ್ದಿದ್ದಾರೆ.

ಸಾರ್ವಜನಿಕ ರಸ್ತೆಯಲ್ಲಿ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ರೇಸ್ ಮಾಡಿದ್ರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಇದೆ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ 3 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ.

ಹಾಗಾದ್ರೆ ಆಸೆ ಇರೋರು ಏನು ಮಾಡಬೇಕು? ಅಗಲ ಕಮ್ಮಿ ಮಾಡದೆ ತೂಕ ಮಾತ್ರ ಇಳಿಸೋ ಹಗುರ ಅಲಾಯ್ ಚಕ್ರ ಹಾಕಿಸಿ. ಸಪೂರ ಟೈರೇ ಬೇಕು ಅಂದ್ರೆ ಬೇರೆ ಚಕ್ರಕ್ಕೆ ಕಟ್ಟಿಸಿ ಡಿಕ್ಕಿಯಲ್ಲಿ ಇಟ್ಕೊಂಡು ಹೋಗಿ, ಟ್ರ್ಯಾಕಲ್ಲಿ ಹಾಕಿ ಓಡಿಸಿ, ಬಿಚ್ಚಿ, ಹಳೇ ಟೈರ್ ಮೇಲೇ ಮನೆಗೆ ಬನ್ನಿ. ಮುಂದೆ ಬ್ರೇಕ್ ಇರೋ ಕಾರಿಗೆ ಮುಂದೆ ಟೈರೂ ಇರಬೇಕು.