‘ಜಾಗವಿಲ್ಲ’ ಎಂಬ ಮಾತಿನ ಇತಿಹಾಸ

ಪುಣೆಯಲ್ಲೋ ಹೈದರಾಬಾದಿನಲ್ಲೋ ಕೂತು ಈ ಪತ್ರ ಓದುತ್ತಿರುವ ಕೆಲವರಾದರೂ ನಡುರಾತ್ರಿ ‘ಡಿಸ್ಕ್ ತುಂಬಿದೆ’ ಎಂಬ ಎಚ್ಚರಿಕೆಗೆ ಎದ್ದು ಕೂತಿರುತ್ತೀರಿ. ವಿಚಿತ್ರವೆಂದರೆ, ಆ ಮಾತು ಬರುವ ಹೊತ್ತಿಗೆ ಡಿಸ್ಕಿನಲ್ಲಿ ಎಷ್ಟೋ ಸಲ ಜಾಗ ಇದ್ದೇ ಇರುತ್ತದೆ. ಹಾಗೇಕೆ ಎಂದು ತಿಳಿಯಲು ಕ್ಲೌಡ್ ಹುಟ್ಟುವುದಕ್ಕೂ ಬಹಳ ಹಿಂದಕ್ಕೆ ಹೋಗಬೇಕು.

1971ರ ಮೊದಲ ಯೂನಿಕ್ಸ್‌ನಲ್ಲೇ ‘ಡಿಎಫ್’, ‘ಡಿಯು’ ಎಂಬ ಎರಡು ಆಜ್ಞೆಗಳಿದ್ದವು. ಡಿಎಫ್ ನೇರವಾಗಿ ಫೈಲ್ ಸಿಸ್ಟಮ್ಮಿನ ಲೆಕ್ಕ ಕೇಳುತ್ತದೆ. ಡಿಯು ಫೋಲ್ಡರು ಹೊಕ್ಕು ಒಂದೊಂದೇ ಫೈಲನ್ನು ಕೂಡಿಸುತ್ತದೆ. ಎರಡೂ ತಾಳೆಯಾಗಲೇಬೇಕೆಂದಿಲ್ಲ. ಒಂದು ಲಾಗ್ ಫೈಲನ್ನು ಅಳಿಸಿದಿರಿ, ಆದರೆ ಅದನ್ನು ತೆರೆದಿಟ್ಟುಕೊಂಡ ಪ್ರೋಗ್ರಾಂ ಓಡುತ್ತಲೇ ಇದೆ ಅನ್ನಿ. ಹೆಸರು ಹೋಯಿತು, ಜಾಗ ಬಿಡುಗಡೆಯಾಗಲಿಲ್ಲ. ಡಿಯುಗೆ ಅದು ಕಾಣುವುದಿಲ್ಲ, ಡಿಎಫ್‌ಗೆ ಕಾಣುತ್ತದೆ. ಪ್ರೋಗ್ರಾಂ ನಿಲ್ಲಿಸಿ ಮತ್ತೆ ಶುರುಮಾಡಿದರೆ ಜಾಗ ಮರಳುತ್ತದೆ.

1984ರಲ್ಲಿ ಬರ್ಕ್ಲಿಯ ಮೆಕ್ಯೂಸಿಕ್, ಬಿಲ್ ಜಾಯ್, ಲೆಫ್ಲರ್, ಫ್ಯಾಬ್ರಿ ತಮ್ಮ ವೇಗದ ಫೈಲ್ ಸಿಸ್ಟಮ್ ಬಗ್ಗೆ ಪ್ರಬಂಧ ಬರೆದರು. ಡಿಸ್ಕ್ ಪೂರ್ತಿ ತುಂಬಿದರೆ ಒಂದೇ ಫೈಲಿನ ತುಣುಕುಗಳು ದಿಕ್ಕಾಪಾಲಾಗಿ ವೇಗ ಕುಸಿಯುತ್ತದೆ. ಆದ್ದರಿಂದ ಸ್ವಲ್ಪ ಭಾಗವನ್ನು ಸಾಮಾನ್ಯ ಬಳಕೆದಾರರಿಗೆ ಕೊಡದೆ ಕಾದಿಡಬೇಕು ಎಂಬುದು ಅವರ ವಾದ. ಲಿನಕ್ಸಿನ ಎಕ್ಸ್ಟ್ ಫೈಲ್ ಸಿಸ್ಟಮ್‌ಗಳಲ್ಲಿ ಆ ಪಾಲು ಇಂದಿಗೂ ರೂಢಿಯಲ್ಲಿ ಶೇ. 5. ಒಂದು ಟೆರಾಬೈಟ್ ಡಿಸ್ಕಿನಲ್ಲಿ ಅದು ಸುಮಾರು 50 ಗಿಗಾಬೈಟ್. ‘ಫ್ರೀ’ ಮತ್ತು ‘ಅವೇಲಬಲ್’ ಬೇರೆಬೇರೆಯಾದದ್ದು ಹೀಗೆ. ತಾಂತ್ರಿಕ ಬರಹ ಅನುವಾದಿಸುವಾಗ ಇವೆರಡಕ್ಕೂ ‘ಲಭ್ಯ’ ಎಂದು ಬರೆದುಬಿಡುವುದು ಸುಲಭ. ಓದುವವರ ಲೆಕ್ಕ ಮಾತ್ರ ತಪ್ಪುತ್ತದೆ.

ಕ್ಲಸ್ಟರುಗಳು ಬಂದಾಗ ಈ ಹಳೆಯ ಪದರದ ಮೇಲೆ ಹೊಸ ಪದರಗಳು ಕೂತವು. 2003ರ ಗೂಗಲ್ ಫೈಲ್ ಸಿಸ್ಟಮ್ ಪ್ರಬಂಧದಲ್ಲಿ ಪ್ರತಿ 64 ಮೆಗಾಬೈಟ್ ತುಂಡಿಗೂ ಮೂರು ಪ್ರತಿ. ಅಳಿಸಿದ ಫೈಲೂ ಗುಪ್ತ ಹೆಸರಿನಲ್ಲಿ ಮೂರು ದಿನ ಉಳಿಯುತ್ತಿತ್ತು. ಕೈತಪ್ಪಿ ಅಳಿಸಿದವರಿಗೆ ಅದು ವರದಾನ, ಜಾಗ ಹುಡುಕುವವರಿಗೆ ತಲೆನೋವು. ಅದೇ ಪ್ರಬಂಧದ ಜಾಡಿನಲ್ಲಿ ಬಂದ ಹಡೂಪ್ ಕೂಡ ಮೂರು ಪ್ರತಿಯನ್ನೇ ರೂಢಿ ಮಾಡಿಕೊಂಡಿತು.

ಇಲಾಸ್ಟಿಕ್‌ಸರ್ಚ್ ಇನ್ನೂ ಕಟ್ಟುನಿಟ್ಟು. ಡಿಸ್ಕ್ ಶೇ. 85 ತುಂಬಿದರೆ ಆ ಯಂತ್ರಕ್ಕೆ ಹೊಸ ತುಂಡುಗಳನ್ನು ಕಳಿಸುವುದಿಲ್ಲ. 90 ದಾಟಿದರೆ ಇದ್ದವನ್ನು ಬೇರೆಡೆಗೆ ಸಾಗಿಸಲು ನೋಡುತ್ತದೆ. 2017ರ ಆರನೇ ಆವೃತ್ತಿಯಲ್ಲಿ ಮೂರನೇ ಗೆರೆ ಬಂತು: 95 ದಾಟಿದರೆ ಆ ಯಂತ್ರದಲ್ಲಿ ಒಂದು ತುಂಡಿದ್ದರೂ ಸಾಕು, ಇಡೀ ಸೂಚಿಗೆ ಬರೆಯುವುದು ಬಂದ್. ಲೆಕ್ಕ ಹಾಕುವುದು ‘ಅವೇಲಬಲ್’ ಅಂಕಿಯಿಂದ. ಹಾಗಾಗಿ 1984ರ ಆ ಕಾಪು ಸದ್ದಿಲ್ಲದೆ ಇದರಡಿಗೂ ಸೇರಿಕೊಂಡಿರುತ್ತದೆ. ಜಾಗ ತೆರವಾದ ಮೇಲೂ ಬೀಗ ತಾನಾಗಿ ತೆರೆಯುತ್ತಿರಲಿಲ್ಲ, ಕೈಯಾರೆ ತೆಗೆಯಬೇಕಿತ್ತು. 2019ರ 7.4ನೇ ಆವೃತ್ತಿಯಲ್ಲಷ್ಟೇ ಅದು ಸರಿಹೋಯಿತು. ಅಷ್ಟರಲ್ಲಿ ಎಷ್ಟು ನಿದ್ದೆ ಹಾಳಾಯಿತೋ!

ಗಾಬರಿಯಲ್ಲಿ ಹಳೆಯ ದಾಖಲೆಗಳನ್ನು ಒಂದೊಂದಾಗಿ ಅಳಿಸಲು ಹೋದರೂ ಪ್ರಯೋಜನವಿಲ್ಲ. ಅಲ್ಲಿ ಅಳಿಸುವುದೆಂದರೆ ಮೊದಲು ಬರೀ ಗುರುತು ಹಾಕುವುದು. ತುಂಡುಗಳನ್ನು ಬೆಸೆದು ಹೊಸದಾಗಿ ಬರೆದಾಗಲೇ ಜಾಗ ಸಿಗುವುದು, ಆ ಬೆಸುಗೆಗೇ ತಾತ್ಕಾಲಿಕವಾಗಿ ಜಾಗ ಬೇಕು. ಬೇಡವಾದ ಇಡೀ ಸೂಚಿಯನ್ನು ತೆಗೆದರೆ ಮಾತ್ರ ಕೂಡಲೇ ತೆರವು.

ಡಿಸ್ಕನ್ನೇ ದೊಡ್ಡದು ಮಾಡಬಹುದಲ್ಲ? ಅಮೆಜಾನ್ 2008ರಲ್ಲಿ ಇಬಿಎಸ್ ಡಿಸ್ಕ್‌ಗಳನ್ನು ಬಾಡಿಗೆಗೆ ಕೊಡತೊಡಗಿತು. ಓಡುತ್ತಿರುವಾಗಲೇ ಹಿಗ್ಗಿಸುವ ಸೌಲಭ್ಯ ಬಂದದ್ದು 2017ರಲ್ಲಿ. ಆದರೆ ಡಿಸ್ಕ್ ಹಿಗ್ಗಿತೆಂದು ಫೈಲ್ ಸಿಸ್ಟಮ್ ಹಿಗ್ಗುವುದಿಲ್ಲ. ಪಾರ್ಟಿಷನ್ ಇದ್ದರೆ ಮೊದಲು ಅದನ್ನು, ಆಮೇಲೆ ಫೈಲ್ ಸಿಸ್ಟಮ್ಮನ್ನು ಬೇರೆಯಾಗಿ ಬೆಳೆಸಬೇಕು. ಅಲ್ಲಿಯತನಕ ಡಿಎಫ್ ಹಳೆಯ ಅಂಕಿಯನ್ನೇ ಹೇಳುತ್ತದೆ. ಮತ್ತೆ ಕುಗ್ಗಿಸುವ ಸೌಲಭ್ಯವೂ ಇಲ್ಲ. ಚಿಕ್ಕ ಡಿಸ್ಕ್ ಬೇಕೆಂದರೆ ಹೊಸದೊಂದನ್ನು ತೆಗೆದುಕೊಂಡು ಎಲ್ಲವನ್ನೂ ಅದಕ್ಕೆ ನಕಲಿಸಬೇಕು. ಅಲ್ಲಿಯವರೆಗೆ ಆ ರಾತ್ರಿಯ ಗಾಬರಿ ಪ್ರತಿ ತಿಂಗಳ ಬಿಲ್ಲಿನಲ್ಲಿ ಬರುತ್ತಿರುತ್ತದೆ.