ಎಂಜಿನಿನ ನೀರು: ಒಂದು ಚಾರಿತ್ರಿಕ ಅವಲೋಕನ

ಚರಿತ್ರೆಯೆಂದೊಡನೆ ಅರಸರೂ ಕದನಗಳೂ ಶಾಸನಗಳೂ ನೆನಪಿಗೆ ಬರುವುದು ವಾಡಿಕೆ. ಆದರೆ ದಿನಬಳಕೆಯ ವಸ್ತುಗಳಿಗೂ ಒಂದೊಂದು ಚರಿತ್ರೆಯುಂಟು. ಮನೆಯಂಗಳದಲ್ಲಿ ನಿಂತ ಕಾರಿನೊಳಗೆ, ನಮ್ಮ ಕಣ್ಣಿಗೆ ಬೀಳದೆ ಹರಿದಾಡುವ ನಾಲ್ಕೈದು ಲೀಟರು ದ್ರವದ ಹಿಂದೆ ಸುಮಾರು ನೂರನಲವತ್ತು ವರ್ಷಗಳ ಕಥೆಯಿದೆ. ಇದನ್ನು ಇಂದು ಎಲ್ಲರೂ ಕೂಲಂಟ್ ಎನ್ನುತ್ತಾರೆ. ನಮ್ಮ ಹಿರಿಯರು ‘ಗಾಡಿಯ ನೀರು’ ಎನ್ನುತ್ತಿದ್ದರು.

ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವಿಲ್ಲದಿಲ್ಲ. ಕೂಲಂಟಿನ ಡಬ್ಬಿಯ ಮೇಲೆ ‘ಆ್ಯಂಟಿಫ್ರೀಜ್’ ಎಂದು ಮುದ್ರಿಸಿರುವುದನ್ನು ಓದಿದ ಮಕ್ಕಳು, “ನಮ್ಮೂರಲ್ಲಿ ನೀರು ಎಂದೂ ಹೆಪ್ಪುಗಟ್ಟುವುದಿಲ್ಲವಲ್ಲ, ಹೆಪ್ಪುಗಟ್ಟದಿರುವ ಮದ್ದು ನಮಗೇಕೆ?” ಎಂದು ನಮ್ಮನ್ನು ಕೇಳುವುದುಂಟು. ಪ್ರಶ್ನೆ ಯೋಗ್ಯವಾದುದು. ಚೆರ್ಕಳದಿಂದ ಎಡನೀರು, ಮುಳ್ಳೇರಿಯಗಳ ಮೂಲಕ ಜಾಲ್ಸೂರಿಗೆ ಸಾಗುವ ಮಾರ್ಗದಲ್ಲಿ ಬಿಸಿಲು, ಮಳೆ, ಧೂಳು ಎಲ್ಲವೂ ಉಂಟು. ಹಿಮವೊಂದು ಮಾತ್ರ ಇಲ್ಲ. ಉತ್ತರ ಬೇಕಾದರೆ ಆರಂಭದಿಂದಲೇ ತೊಡಗಬೇಕು.

ಎಂಜಿನಿನೊಳಗೆ ಪೆಟ್ರೋಲು ಉರಿಯುವಾಗ ಅನಿಲಗಳ ಉಷ್ಣತೆ ಕ್ಷಣಮಾತ್ರಕ್ಕೆ 2000 ಡಿಗ್ರಿ ಸೆಂಟಿಗ್ರೇಡನ್ನು ಮೀರುತ್ತದೆ. ಆ ಶಾಖದಲ್ಲಿ ಚಕ್ರವನ್ನು ತಿರುಗಿಸಲು ಉಪಯೋಗವಾಗುವುದು ಒಂದು ಪಾಲು ಮಾತ್ರ. ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಹೊಗೆಯೊಡನೆ ಹೊರಬೀಳುತ್ತದೆ. ಅಷ್ಟೇ ಪ್ರಮಾಣದ ಇನ್ನೊಂದು ಪಾಲನ್ನು ಎಂಜಿನಿನ ಗೋಡೆಗಳಿಂದ ಹೊತ್ತೊಯ್ಯದಿದ್ದರೆ ಲೋಹವು ಹಿಗ್ಗಿ, ಎಣ್ಣೆ ಸುಟ್ಟು, ಯಂತ್ರವು ಬಿಗಿದು ನಿಲ್ಲುತ್ತದೆ. ಶಾಖ ಹೊರುವ ಕೆಲಸದಲ್ಲಿ ನೀರಿಗೆ ಸಮನಾದ ದ್ರವ ಬೇರೊಂದು ಸುಲಭವಾಗಿ ದೊರೆಯದು.

ಜರ್ಮನಿಯ ಕಾರ್ಲ್ ಬೆಂಜ್ 1886ರ ಜನವರಿ 29ರಂದು ತನ್ನ ಮೋಟಾರು ಗಾಡಿಗೆ ಪೇಟೆಂಟ್ ಕೋರಿದಾಗ, ಆ ಗಾಡಿಯ ತಂಪಿನ ವ್ಯವಸ್ಥೆ ಬಹಳ ಸರಳವಾಗಿತ್ತು. ನೀರು ಕುದಿದು ಆವಿಯಾಗಿ ಹೋಗುವುದು, ಹೋದಷ್ಟನ್ನು ಮತ್ತೆ ಹೊಯ್ಯುವುದು. 1888ರ ಆಗಸ್ಟಿನಲ್ಲಿ ಅವನ ಹೆಂಡತಿ ಬರ್ತಾ ಬೆಂಜ್ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಮನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತನ್ನ ತವರಿಗೆ, ನೂರು ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಆ ಗಾಡಿಯಲ್ಲಿ ಕ್ರಮಿಸಿದಳು. ದಾರಿಯುದ್ದಕ್ಕೂ ಬಾವಿ, ತೊರೆ, ಛತ್ರ ಕಂಡಲ್ಲೆಲ್ಲ ನಿಂತು ನೀರು ತುಂಬಿಸಬೇಕಾಯಿತು. ಘಟ್ಟದ ಹಾದಿಯಲ್ಲಿ ತೋಡಿನ ಬಳಿ ಲಾರಿ ನಿಲ್ಲಿಸಿ ಡಬ್ಬಿಯಲ್ಲಿ ನೀರು ತರುತ್ತಿದ್ದ ನಮ್ಮ ಚಾಲಕರ ಪೂರ್ವಜೆ ಆಕೆಯೆಂದರೆ ತಪ್ಪಾಗದು.

ಹೀಗೆ ನೀರನ್ನು ಕಳೆದುಕೊಳ್ಳುತ್ತ ಹೋಗುವ ಬದಲು ಅದೇ ನೀರನ್ನು ತಣಿಸಿ ಮರಳಿ ಬಳಸುವ ಉಪಾಯವನ್ನು ಪರಿಷ್ಕರಿಸಿದವನು ವಿಲ್‌ಹೆಲ್ಮ್ ಮೇಬಾಕ್. 1900ರ ಕೊನೆಗೆ ಸಿದ್ಧವಾದ 35 ಅಶ್ವಶಕ್ತಿಯ ಮರ್ಸಿಡಿಸ್ ಕಾರಿಗಾಗಿ ಅವನು ಜೇನುಗೂಡಿನಂತಹ ರೇಡಿಯೇಟರನ್ನು ರಚಿಸಿದನು. ಆರು ಮಿಲಿಮೀಟರ್ ಚೌಕದ 8,070 ಕಿರುಕೊಳವೆಗಳ ನಡುವೆ ಗಾಳಿ ನುಗ್ಗಿ, ಸುತ್ತಲಿನ ನೀರನ್ನು ತಣಿಸುತ್ತಿತ್ತು. ಇದರಿಂದ ಒಂಬತ್ತು ಲೀಟರು ನೀರೇ ಸಾಕಾಯಿತು. 1908ರಲ್ಲಿ ಹೊರಬಂದ ಫೋರ್ಡ್ ಟಿ ಮಾದರಿಯಲ್ಲಾದರೋ, ಮೊದಲ ಕೆಲವು ಗಾಡಿಗಳನ್ನುಳಿದು, ಪಂಪು ಕೂಡ ಇರಲಿಲ್ಲ. ಬಿಸಿನೀರು ಮೇಲೇರುವುದು, ತಣ್ಣೀರು ಕೆಳಗಿಳಿಯುವುದು ಎಂಬ ನಿಯಮವೇ ಅಲ್ಲಿ ನೀರನ್ನು ಸುತ್ತಿಸುತ್ತಿತ್ತು. ಬಚ್ಚಲುಮನೆಯ ಹಂಡೆಯಲ್ಲಿ ಮೇಲಿನ ನೀರು ಸುಡುತ್ತಿರುವಾಗ ಅಡಿಯದು ಉಗುರುಬೆಚ್ಚಗಿರುವುದನ್ನು ಬಲ್ಲ ಮಕ್ಕಳಿಗೆ ಈ ತತ್ತ್ವವನ್ನು ವಿವರಿಸುವುದು ಕಷ್ಟವಲ್ಲ.

ನಮ್ಮ ನಾಡಿಗೆ ಮೋಟಾರು ಬಂದುದೂ ಅದೇ ಕಾಲದಲ್ಲಿ. 1914ರಲ್ಲಿ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪನಿಯು ಬಸ್ಸುಗಳನ್ನು ಓಡಿಸತೊಡಗಿತು. ಜನರು ಅದನ್ನು ಸಿ.ಪಿ.ಸಿ. ಎಂದೇ ಕರೆದರು. ಕಾಸರಗೋಡು ಆಗ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಅಭಾವವುಂಟಾದಾಗ ದೇಶದಲ್ಲಿ ಅನೇಕ ಬಸ್ಸುಗಳು ಇದ್ದಲಿನ ಅನಿಲದಿಂದ ಓಡಿದುವು. 1954ರಲ್ಲಿ ಟಾಟಾ ಸಂಸ್ಥೆಯು ಡೈಮ್ಲರ್-ಬೆಂಜ್ ಕಂಪನಿಯ ಸಹಯೋಗದಿಂದ ಜಮ್‌ಶೇಡ್‌ಪುರದಲ್ಲಿ ಲಾರಿಗಳನ್ನು ತಯಾರಿಸತೊಡಗಿತು. ಇಂಧನ ಬದಲಾಯಿತು, ಗಾಡಿಗಳು ಬದಲಾದುವು. ರೇಡಿಯೇಟರಿಗೆ ಹೊಯ್ಯುವ ನೀರು ಮಾತ್ರ ಬಹುಕಾಲ ಬಾವಿಯದೋ ತೋಡಿನದೋ ಆಗಿಯೇ ಉಳಿಯಿತು.

ಈ ಪದ್ಧತಿಯ ದೋಷವು ಘಟ್ಟದಲ್ಲಿ ಪ್ರಕಟವಾಗುತ್ತಿತ್ತು. ಜಾಲ್ಸೂರಿನಿಂದ ಸುಳ್ಯ, ಸಂಪಾಜೆಗಳನ್ನು ದಾಟಿ ಮಡಿಕೇರಿಗೆ ಏರುವ ಗಾಡಿಯು ಸಮುದ್ರಮಟ್ಟದಿಂದ ಸುಮಾರು 1,170 ಮೀಟರು ಎತ್ತರಕ್ಕೆ ತಲುಪುತ್ತದೆ. ವಾಯುವಿನ ಒತ್ತಡ ಕಡಿಮೆಯಾದಂತೆ ನೀರು ಬೇಗ ಕುದಿಯುತ್ತದೆ. ಮಡಿಕೇರಿಯಲ್ಲಿ ತೆರೆದ ಪಾತ್ರೆಯ ನೀರು ಕುದಿಯುವುದು ಸುಮಾರು 96 ಡಿಗ್ರಿಯಲ್ಲಿ. ಎಂಜಿನಿಗೆ ಅತ್ಯಂತ ಹೆಚ್ಚು ದುಡಿಮೆಯಿರುವ ಏರಿನಲ್ಲಿಯೇ ನೀರಿನ ತಾಳ್ಮೆ ಕುಗ್ಗುತ್ತದೆಂದಾಯಿತು. ಇದಕ್ಕೆ ಪರಿಹಾರವಾಗಿ ಬಂದುದು ಒತ್ತಡದ ಮುಚ್ಚಳ. ಒಳಗೆ ಒಂದು ವಾಯುಮಾನದಷ್ಟು ಹೆಚ್ಚಿನ ಒತ್ತಡವನ್ನು ತಡೆದಿಟ್ಟರೆ ನೀರು ಸುಮಾರು 120 ಡಿಗ್ರಿಯವರೆಗೂ ಕುದಿಯದು. ಅಡಿಗೆಮನೆಯ ಪ್ರೆಶರ್ ಕುಕ್ಕರಿನ ತತ್ತ್ವವೇ ಇದು. ಕುಕ್ಕರನ್ನು ಉರಿಯಿಂದ ಇಳಿಸಿದೊಡನೆ ಮುಚ್ಚಳ ತೆಗೆಯದ ಗೃಹಿಣಿಯ ವಿವೇಕವನ್ನು ಬಿಸಿ ರೇಡಿಯೇಟರಿನ ಮುಂದೆ ನಿಂತವನೂ ತೋರಬೇಕು. ಮುಚ್ಚಳ ಸಡಿಲವಾದ ಕ್ಷಣದಲ್ಲಿ ಒಳಗಿನ ನೀರು ಒಮ್ಮೆಲೇ ಆವಿಯಾಗಿ ಸಿಡಿದು, ಮುಖವನ್ನೂ ಕೈಗಳನ್ನೂ ಬೇಯಿಸಿಬಿಡುತ್ತದೆ.

ಶೀತದೇಶಗಳ ಕಷ್ಟ ಇದಕ್ಕೆ ವಿರುದ್ಧವಾದುದು. ಹೆಪ್ಪುಗಟ್ಟುವಾಗ ನೀರು ತನ್ನ ಗಾತ್ರದ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಚಳಿಗಾಲದ ಒಂದೇ ರಾತ್ರಿಯಲ್ಲಿ ಎರಕದ ಕಬ್ಬಿಣದ ಎಂಜಿನ್ ಬಿರಿದುಹೋಗಲು ಅಷ್ಟು ಸಾಕು. ಆದಕಾರಣ ಅಲ್ಲಿಯವರು ನೀರಿಗೆ ಮದ್ಯಸಾರವನ್ನೋ ಗ್ಲಿಸರಿನ್ನನ್ನೋ ಬೆರೆಸಿ ನೋಡಿದರು. ಮದ್ಯಸಾರ ಬೇಗ ಆವಿಯಾಗುತ್ತಿತ್ತು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಷಾರ್ಲ್ ಅಡಾಲ್ಫ್ ವುರ್ಟ್ಸ್ 1850ರ ದಶಕದಲ್ಲಿಯೇ ತಯಾರಿಸಿದ್ದ ಎಥಿಲೀನ್ ಗ್ಲೈಕಾಲ್ ಎಂಬ ದ್ರವವು ಕೊನೆಗೆ ಈ ಕೆಲಸಕ್ಕೆ ಒದಗಿತು. 1927ರಲ್ಲಿ ಅಮೆರಿಕದಲ್ಲಿ ಪ್ರೆಸ್ಟೋನ್ ಎಂಬ ಹೆಸರಿನಿಂದ ಅದು ಪೇಟೆಗೆ ಬಂದಿತು. ನೀರು, ಗ್ಲೈಕಾಲ್ ಎರಡನ್ನೂ ಸಮಪಾಲಿನಲ್ಲಿ ಬೆರೆಸಿದರೆ ಆ ಮಿಶ್ರಣವು ಸುಮಾರು ಶೂನ್ಯಕ್ಕಿಂತ 37 ಡಿಗ್ರಿ ಕೆಳಗಿನವರೆಗೆ ಹೆಪ್ಪುಗಟ್ಟದು. ತೆರೆದ ಪಾತ್ರೆಯಲ್ಲಿ ಸುಮಾರು 106 ಡಿಗ್ರಿಯವರೆಗೆ ಕುದಿಯದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸುವುದು ಅವಶ್ಯ. ಕೂಲಂಟ್ ಎಂಬ ಹೆಸರನ್ನು ಕೇಳಿ, ಅದು ನೀರಿಗಿಂತ ಹೆಚ್ಚು ತಂಪು ಮಾಡುತ್ತದೆಂದು ಭಾವಿಸುವವರಿದ್ದಾರೆ. ವಾಸ್ತವದಲ್ಲಿ ಶಾಖವನ್ನು ಹೊರುವುದರಲ್ಲಿ ಶುದ್ಧ ನೀರೇ ಗ್ಲೈಕಾಲಿಗಿಂತ ಮೇಲು. ಹಾಗಾದರೆ ಹಿಮವಿಲ್ಲದ ಎಡನೀರಿನಲ್ಲಿ ಅದರ ಪ್ರಯೋಜನವೇನು? ಮೊದಲನೆಯದು, ಕುದಿಯುವ ಮಟ್ಟವನ್ನು ಅದು ಏರಿಸುತ್ತದೆ. ಎರಡನೆಯದೂ ಹೆಚ್ಚು ಮುಖ್ಯವಾದುದೂ ತುಕ್ಕಿನ ನಿವಾರಣೆ. ಎಂಜಿನಿನಲ್ಲಿ ಕಬ್ಬಿಣ, ಅಲ್ಯುಮಿನಿಯಂ, ತಾಮ್ರ, ಹಿತ್ತಾಳೆಗಳಂಥ ಭಿನ್ನ ಲೋಹಗಳು ಒಂದೇ ನೀರಿನಲ್ಲಿ ಮುಳುಗಿರಬಹುದು. ಲವಣವಿರುವ ನೀರಿನಲ್ಲಿ ಎರಡು ಲೋಹಗಳು ಸೇರಿದರೆ ಅಲ್ಲೊಂದು ಬ್ಯಾಟರಿಯೇ ಏರ್ಪಟ್ಟು, ಅವುಗಳಲ್ಲಿ ಒಂದು ಸವೆಯತೊಡಗುತ್ತದೆ. ನಮ್ಮ ಮುರಕಲ್ಲಿನ ನೆಲದ ಬಾವಿಗಳಲ್ಲಿಯೂ ಸುರಂಗಗಳಲ್ಲಿಯೂ ದೊರೆಯುವ ನೀರು ಕುಡಿಯಲು ಸವಿಯಾದರೂ ಸಾಮಾನ್ಯವಾಗಿ ತುಸು ಆಮ್ಲಗುಣವುಳ್ಳದ್ದು. ಕೆಲವೆಡೆ ಕಬ್ಬಿಣದ ಅಂಶವೂ ಇರುತ್ತದೆ. ಕಡಲ ಬದಿಯ ಬಾವಿಗಳಲ್ಲಿ ಬೇಸಗೆಯಲ್ಲಿ ಉಪ್ಪು ಸೇರುವುದುಂಟು. ಮನುಷ್ಯನಿಗೆ ಹಿತವಾದ ನೀರೆಲ್ಲವೂ ಯಂತ್ರಕ್ಕೆ ಹಿತವಲ್ಲ. ಕೂಲಂಟಿನಲ್ಲಿ ಬೆರೆಸಿರುವ ತುಕ್ಕುನಿರೋಧಕಗಳು ಲೋಹದ ಮೇಲೆ ತೆಳುವಾದ ಪೊರೆಯಾಗಿ ನಿಂತು ಅದನ್ನು ಕಾಯುತ್ತವೆ.

ಆದರೆ ಈ ಕಾವಲುಗಾರರು ಕಾಲಕ್ರಮದಲ್ಲಿ ಖರ್ಚಾಗುತ್ತಾರೆ. ಗ್ಲೈಕಾಲ್ ಉಳಿದಿರುತ್ತದೆ, ಬಣ್ಣವೂ ಇರಬಹುದು, ರಕ್ಷಣೆ ಮಾತ್ರ ಇರದು. ಹಳೆಯ ಬಗೆಯ ಕೂಲಂಟನ್ನು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. 1990ರ ದಶಕದಲ್ಲಿ ಬಳಕೆಗೆ ಬಂದ ಸಾವಯವ ಆಮ್ಲಗಳ ಬಗೆಯದು ಐದು ವರ್ಷಗಳವರೆಗೂ ಬಾಳುತ್ತದೆ. ಯಾವ ಕಾರಿಗೆ ಯಾವುದು ಎಂಬುದನ್ನು ಕಾರಿನ ಕೈಪಿಡಿಯೇ ಹೇಳಬೇಕು, ಬಣ್ಣವಲ್ಲ. ಒಂದೇ ಬಣ್ಣದ ಎರಡು ಡಬ್ಬಿಗಳಲ್ಲಿ ಬೇರೆಬೇರೆ ರಸಾಯನಗಳಿರಬಹುದು. 1983ರ ಡಿಸೆಂಬರಿನಲ್ಲಿ ಮಾರುತಿ 800 ಮಾರ್ಗಕ್ಕಿಳಿದ ಮೇಲೆ ಸಾಮಾನ್ಯ ಸಂಬಳಗಾರರ ಅಂಗಳಕ್ಕೂ ಕಾರು ಬಂದಿತಷ್ಟೆ. ಅದರೊಡನೆ ಈ ಕೆಲಸವನ್ನು ಮನೆಯಲ್ಲಿಯೇ ಮಾಡುವ ಅಭ್ಯಾಸವೂ ಕೆಲವರಲ್ಲಿ ಬೆಳೆದಿದೆ.

ಅದರ ಕ್ರಮ ಹೀಗೆ. ಕಾರನ್ನು ಸಮನೆಲದಲ್ಲಿ ನಿಲ್ಲಿಸಿ, ಎಂಜಿನ್ ಸಂಪೂರ್ಣವಾಗಿ ತಣ್ಣಗಾಗುವವರೆಗೆ ಕೆಲವು ಗಂಟೆ ಕಾಯಬೇಕು. ಬಳಿಕ ಮುಚ್ಚಳವನ್ನು ತೆಗೆದು, ರೇಡಿಯೇಟರಿನ ಅಡಿಯಲ್ಲಿ ಅಗಲವಾದ ಪಾತ್ರೆಯನ್ನಿಟ್ಟು, ಕೆಳಗಿನ ತಿರುಪನ್ನು ಬಿಚ್ಚಿ ಹಳೆಯ ದ್ರವವನ್ನು ಇಳಿಸಬೇಕು. ತಿರುಪನ್ನು ಮುಚ್ಚಿ, ಭಟ್ಟಿಯಿಳಿಸಿದ ನೀರನ್ನು ತುಂಬಿಸಿ, ಕಾರಿನೊಳಗಿನ ಹೀಟರನ್ನು ಬಿಸಿಯ ಕಡೆಗೆ ತಿರುಗಿಸಿ ಎಂಜಿನನ್ನು ಓಡಿಸಬೇಕು. ಥರ್ಮೋಸ್ಟಾಟ್ ಎಂಬ ಬಾಗಿಲು ಸಾಮಾನ್ಯವಾಗಿ 80ರಿಂದ 90 ಡಿಗ್ರಿಯ ಸುಮಾರಿಗೆ ತೆರೆಯುತ್ತದೆ. ರೇಡಿಯೇಟರಿನ ಮೇಲಿನ ಪೈಪು ಬಿಸಿಯಾದಾಗ ಅದು ತೆರೆದಿದೆಯೆಂದು ತಿಳಿಯಬೇಕು. ಮತ್ತೆ ತಣಿಸಿ, ಮತ್ತೆ ಇಳಿಸಿ, ನೀರು ತಿಳಿಯಾಗಿ ಬರುವವರೆಗೆ ಹೀಗೆ ತೊಳೆಯಬೇಕು. ಕೊನೆಗೆ ಕೈಪಿಡಿ ಸೂಚಿಸಿದ ಪ್ರಮಾಣದಲ್ಲಿ ಹೊಸ ಕೂಲಂಟನ್ನು ನಿಧಾನವಾಗಿ ಹೊಯ್ದು, ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಕೈಪಿಡಿ ಹೇಳಿದಂತೆ ಹೊರಡಿಸಿ, ಪಕ್ಕದ ಡಬ್ಬಿಯಲ್ಲಿ ಎರಡು ಗೆರೆಗಳ ನಡುವೆ ಮಟ್ಟ ನಿಲ್ಲುವಂತೆ ನೋಡಿಕೊಳ್ಳಬೇಕು.

ಇಷ್ಟಕ್ಕೆ ಕೆಲಸ ಮುಗಿಯಿತೆಂದು ಎದ್ದುಹೋಗುವವರನ್ನು ಕುರಿತೇ ನಮ್ಮ ಮುಖ್ಯವಾದ ಮಾತು. ಪಾತ್ರೆಯಲ್ಲಿ ಉಳಿದ ಹಳೆಯ ದ್ರವವನ್ನು ಏನು ಮಾಡುವುದು? ಗ್ಲೈಕಾಲ್ ರುಚಿಯಲ್ಲಿ ಸಿಹಿ, ಗುಣದಲ್ಲಿ ವಿಷ. ಶರೀರದೊಳಗೆ ಅದು ಆಕ್ಸಲಿಕ್ ಆಮ್ಲವಾಗಿ ಮಾರ್ಪಟ್ಟು ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಅಂಗಳದಲ್ಲಿ ಚೆಲ್ಲಿದುದನ್ನು ನಾಯಿ ನೆಕ್ಕಿದರೆ ಸಾಯಬಹುದು. ಶರಬತ್ತಿನ ಶೀಶೆಯಲ್ಲಿ ತುಂಬಿಸಿಟ್ಟ ಹಸುರು ದ್ರವವನ್ನು ಮಗುವೊಂದು ಕುಡಿದರೆ ಅದರ ಪ್ರಾಣಕ್ಕೂ ಸಂಚಕಾರ. ಕುಡಿದುದು ಗೊತ್ತಾದರೆ, ಲಕ್ಷಣಗಳು ಕಾಣಿಸಿಕೊಳ್ಳಲೆಂದು ಕಾಯದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಸಕಾಲದಲ್ಲಿ ದೊರೆತರೆ ಇದಕ್ಕೆ ಚಿಕಿತ್ಸೆಯುಂಟು.

ನೀರಿಗೆ ಬೆರೆತ ವಿಷದ ಮಾತನ್ನು ಕಾಸರಗೋಡು ಜಿಲ್ಲೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಇಲ್ಲಿನ ಗೇರು ತೋಟಗಳ ಮೇಲೆ 2000ನೆಯ ಇಸವಿಯವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನನ್ನು ಸಿಂಪಡಿಸಿದುದರ ಫಲವನ್ನು ಎಷ್ಟೋ ಮನೆಗಳು ಇಂದಿಗೂ ಉಣ್ಣುತ್ತಿವೆ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲಿಯೇ ನಿಷೇಧಿಸಿತು. ಗ್ಲೈಕಾಲನ್ನು ಅದಕ್ಕೆ ಸಮಾನವೆಂದು ನಾವು ಹೇಳುವುದಿಲ್ಲ. ಅದು ಮಣ್ಣಿನಲ್ಲಿ ಬಹುಕಾಲ ಉಳಿಯದು, ಸೂಕ್ಷ್ಮಜೀವಿಗಳು ಅದನ್ನು ಕರಗಿಸಿಬಿಡುತ್ತವೆ. ಆದರೆ ಹಳೆಯ ಕೂಲಂಟಿನಲ್ಲಿ ಎಂಜಿನಿನಿಂದ ಸವೆದ ಲೋಹದ ಅಂಶಗಳೂ ಸೇರಿರುತ್ತವೆ. ಅವು ಕರಗಿ ಇಲ್ಲವಾಗುವುವಲ್ಲ. ಮನೆಯ ಬಾವಿಗೂ ಕಂಗಿನ ತೋಟದ ಕಣಿಗೂ ಮಧುವಾಹಿನಿ ಹೊಳೆಗೂ ನೀರು ಒಂದೇ ನೆಲದಿಂದ ಒಸರಿ ಬರುವ ಊರು ನಮ್ಮದು. ಅಂಗಳದ ಮೂಲೆಗೆ ಚೆಲ್ಲಿದುದು ಅಂಗಳದಲ್ಲಿಯೇ ಇರುವುದೆಂದು ಇಲ್ಲಿ ಯಾರೂ ಭರವಸೆ ಕೊಡಲಾರರು.

ಆದುದರಿಂದ ಇಳಿಸಿದ ದ್ರವವನ್ನು ಭದ್ರವಾದ ಮುಚ್ಚಳವಿರುವ ಡಬ್ಬಿಗೆ ತುಂಬಿಸಿ, ‘ವಿಷ’ ಎಂದು ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಬರೆದು, ಮಕ್ಕಳ ಕೈಗೆ ಎಟುಕದಲ್ಲಿಟ್ಟು, ಅಂತಹುದನ್ನು ಸ್ವೀಕರಿಸುವ ವರ್ಕ್‌ಶಾಪಿಗೆ ತಲುಪಿಸಬೇಕು. ಹಾಗೆ ತಲುಪಿಸುವ ಏರ್ಪಾಡು ಇಲ್ಲದವರು ಈ ಕೆಲಸವನ್ನು ಮನೆಯಲ್ಲಿ ಕೈಗೊಳ್ಳದೆ ವರ್ಕ್‌ಶಾಪಿನಲ್ಲಿಯೇ ಮಾಡಿಸುವುದು ಲೇಸು. ಉಳಿಸಿದ ಕೆಲವು ನೂರು ರೂಪಾಯಿಗಿಂತ ಬಾವಿಯ ನೀರು ದೊಡ್ಡದು.

ಉಪಾಧ್ಯಾಯ ಬಂಧುಗಳಲ್ಲಿ ನಮ್ಮದೊಂದು ಅರಿಕೆ. ಶಾಖದ ಪಾಠ, ಲೋಹಗಳ ಪಾಠ, ನೀರಿನ ಪಾಠ ಇವು ಮೂರೂ ಪಠ್ಯದಲ್ಲಿ ಬೇರೆಬೇರೆ ಪುಟಗಳಲ್ಲಿವೆ. ಶಾಲೆಯ ಮುಂದೆ ನಿಂತ ಒಂದು ಕಾರಿನಲ್ಲಿ ಅವು ಮೂರೂ ಒಟ್ಟಿಗಿವೆ. ತಣ್ಣಗಿರುವ ಎಂಜಿನಿನ ಮೇಲ್ಮುಚ್ಚಳವನ್ನೆತ್ತಿ ರೇಡಿಯೇಟರ್, ಪೈಪು, ಡಬ್ಬಿಗಳನ್ನು ಒಂದು ತರಗತಿಯ ಅವಧಿಯಲ್ಲಿ ದೂರದಿಂದಲೇ ಮಕ್ಕಳಿಗೆ ತೋರಿಸಿ, ಅದರ ಸಿಹಿಯಾದ ವಿಷದ ಸಂಗತಿಯನ್ನೂ ತಪ್ಪದೆ ತಿಳಿಸಿದರೆ, ನಮ್ಮ ಈ ಬರವಣಿಗೆ ಸಾರ್ಥಕವಾಯಿತೆಂದು ಭಾವಿಸುವೆವು.