ಬುಲ್ಲೇ ಶಾಹ್ ಪುಸ್ತಕ ಮುಚ್ಚಿಟ್ಟದ್ದೇಕೆ?

ಓದು ಸಾಕು, ಒಂದು ಅಲಿಫ್ ಇದ್ದರೆ ಸಾಕು ಎಂಬ ಭಾವದ ಬುಲ್ಲೇ ಶಾಹರ ಪಂಜಾಬಿ ಕಾಫಿಯನ್ನು ಕವ್ವಾಲರ ಕಂಠದಲ್ಲಿ ನಾವು ಎಷ್ಟೋ ಸಲ ಕೇಳಿ ತಲೆದೂಗಿದ್ದೇವೆ. ಅದೇ ಮಾತನ್ನು ಹೆಣ್ಣುಮಕ್ಕಳ ಶಾಲೆ ಬಿಡಿಸುವವರ ಬಾಯಲ್ಲೂ ಕೇಳಿದ್ದೇವೆ. ದೊಡ್ಡ ದೊಡ್ಡ ಸೂಫಿಗಳೇ ಹೇಳಿರುವಾಗ ಇಷ್ಟೆಲ್ಲ ಓದಿ ಏನಾಗಬೇಕು ಎಂಬುದು ಅವರ ವಾದ. ಪ್ರವಾದಿಯವರಿಗೆ (ಸ) ಬಂದ ಮೊದಲ ದಿವ್ಯವಾಣಿಯೇ ಓದುವ ಆಜ್ಞೆಯಿಂದ ಆರಂಭವಾಯಿತೆಂದು ಬಲ್ಲವರ ನಡುವೆಯೇ ಈ ವಾದ ನಡೆಯುತ್ತದೆ.

ಬುಲ್ಲೇ ಶಾಹ್ (ಸುಮಾರು 1680–1757) ಓದು ಬಾರದವರೇನಲ್ಲ. ಲಾಹೋರಿನ ದಕ್ಷಿಣಕ್ಕಿರುವ ಕಸೂರಿನಲ್ಲಿ ಅರಬಿ, ಪಾರಸಿ ಕಲಿತವರು. ಮನೆತನ ಸಯ್ಯದರದು. ಇಂಥವರು ಗುರುವಾಗಿ ಆರಿಸಿಕೊಂಡದ್ದು ಲಾಹೋರಿನ ಶಾಹ್ ಇನಾಯತ್ ಖಾದಿರಿಯವರನ್ನು. ಅವರು ಅರಾಈಂ, ಅಂದರೆ ತೋಟ ಮಾಡಿ ತರಕಾರಿ ಬೆಳೆಯುವ ಜಾತಿಯವರು. ಸಯ್ಯದನೊಬ್ಬ ಅರಾಈಂ ಜಾತಿಯವನ ಶಿಷ್ಯನಾಗುವುದೇ ಎಂದು ಮನೆಯ ಹೆಂಗಸರು ಬೈದರಂತೆ. ಅವರ ಇನ್ನೊಂದು ಕಾಫಿಯಲ್ಲಿ ಈ ಜಗಳವೇ ಇದೆ. ಕುಲದ ಹೆಮ್ಮೆ ಸಲ್ಲದೆಂದು ಕಿತಾಬುಗಳಲ್ಲಿತ್ತು. ಕಿತಾಬು ಓದಿದ ಮನೆಯಲ್ಲಿ ಮಾತ್ರ ಅದು ಇರಲಿಲ್ಲ.

ಇನ್ನು ಕಾಫಿಗೆ ಬರೋಣ. ಬಾಯಿಂದ ಬಾಯಿಗೆ ಬಂದ ಹಾಡಾದ್ದರಿಂದ ಪಾಠಾಂತರಗಳಿವೆ. ಅದರ ಬಹುಭಾಗ ಒಬ್ಬ ಪಂಡಿತನನ್ನು 'ನೀನು' ಎಂದು ಕರೆದು ಛೇಡಿಸುತ್ತದೆ. ಅವನ ಸುತ್ತ ಗ್ರಂಥಗಳ ರಾಶಿ, ನಡುವೆ ಕತ್ತಲೆ. ಮಿಂಬರ್ ಹತ್ತಿ ಉಪದೇಶ ಮಾಡುತ್ತಾನೆ, ಶೇಖ್ ಎನಿಸಿಕೊಳ್ಳುತ್ತಾನೆ, ಓದು ಬಾರದವರನ್ನು ಸುಲಿದು ತಿನ್ನುತ್ತಾನೆ. ಕೊನೆಗೆ ಬಂದಾಗ ಈ 'ನೀನು' ಮರೆಯಾಗಿ 'ನಾನು' ಎದ್ದು ನಿಲ್ಲುತ್ತದೆ. ಪ್ರೇಮದ ಪಾಠ ಓದಿದ ಮೇಲೆ ಸುಳಿಗೆ ಸಿಕ್ಕೆ, ಶಾಹ್ ಇನಾಯತರು ದಡ ಸೇರಿಸಿದರು ಎಂಬ ನಿವೇದನೆ ಅಲ್ಲಿದೆ. ಇಷ್ಟು ಹೊತ್ತು ಬೈಸಿಕೊಂಡ ಪಂಡಿತನಲ್ಲಿ ಕವಿಯ ಹಳೆಯ ಮುಖವೂ ಇತ್ತೆಂದು ನಮಗೆ ಅನಿಸುವುದು ಆಗಲೇ. ಪ್ರೇಮವನ್ನೂ ಅವರು 'ಪಾಠ' ಎಂದೇ ಕರೆದರು, ಮದರಸದ ಮಾತು ಬಿಟ್ಟುಹೋಗಲಿಲ್ಲ ನೋಡಿ!

ದಡ ಸೇರಿಸಿದ ಇನಾಯತರೂ ಪಾರಸಿಯಲ್ಲಿ ಗ್ರಂಥ ಬರೆದ ವಿದ್ವಾಂಸರು. ಅಂಥ ಗುರುವಿನ ಶಿಷ್ಯ ಅಕ್ಷರದ ವೈರಿ ಹೇಗಾದಾರು? ಅಲಿಫ್ ಕೂಡ ಅಕ್ಷರವೇ. ಅಲ್ಲಾಹನ ನಾಮದ ಮೊದಲಕ್ಷರ, ಅಬ್ಜದ್ ಲೆಕ್ಕದಲ್ಲಿ ಅದರ ಬೆಲೆ 1. ಕಾಫಿಯಲ್ಲಿ ಓದು ನಿಲ್ಲಿಸೆಂದು ಹೇಳಿಸಿಕೊಳ್ಳುವವನು ಮಿಂಬರಿನ ಮೇಲಿದ್ದಾನೆ, ಚೀಲ ಹೊತ್ತು ಶಾಲೆಗೆ ಹೊರಟ ಹುಡುಗಿ ಅಲ್ಲಿ ಎಲ್ಲೂ ಇಲ್ಲ. ಓದು ಬಾರದವರನ್ನು ಸುಲಿಯುವವನ ಮಾತು ಬರುವ ನುಡಿಯನ್ನು ಶಾಲೆ ಬಿಡಿಸುವವರು ಉದಾಹರಿಸಿದ್ದನ್ನು ನಾವು ಈವರೆಗೆ ಕೇಳಿಲ್ಲ.